ಹಲಸಿನ ಮೇಣದ ಮೂಗು

೨೦೦೩ರ ಮೇ ೧೧, ಭಾನುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಯಲ್ಲಾಪುರದಲ್ಲಿ ಊರವರೇ ಸೇರಿ ಶಾಲೆಯ ಮಕ್ಕಳಿಗೆಂದು ನಡೆಸಿದ ವಿಮಾನ ಶಿಬಿರದಲ್ಲಿ ನಂದೊಳ್ಳಿಯ ಸೌಮ್ಯಳ ಥರ್ಮೋಕೋಲ್ ವಿಮಾನ ಎರಡನೇ ಸಲವೂ ಮೂತಿ ಎತ್ತಿ ದೊಪ್ಪನೆ ಬಿತ್ತು. ದೂರ ಹಾರಿಸುವ ಸ್ಪರ್ಧೆಯ ಮೂರರಲ್ಲಿ ಉಳಿದದ್ದು ಒಂದೇ ಎಸೆತ. ಮೂಗಿಗೆ ಭಾರ ಸಾಲದೆಂದು ಅವಳಿಗೆ ಗೊತ್ತಿತ್ತು. ಆದರೆ ಶಿಬಿರದ ಜೇಡಿಮಣ್ಣು ಮುಗಿದುಹೋಗಿತ್ತು.

ಊಟಕ್ಕೆ ಹಲಸಿನಕಾಯಿ ಹೆಚ್ಚುತ್ತಿದ್ದ ಸುಬ್ಬಕ್ಕ ಕೇಳಿದಳು, “ಎಂತಕ್ಕೇ ತಂಗಿ, ಮುಖ ಸಪ್ಪಗೆ?”

“ಮೂಗಿಗೆ ಅಂಟ್ಸಲೆ ಎಂತೂ ಇಲ್ಲೆ, ಸುಬ್ಬಕ್ಕ.”

“ಅಯ್ಯ, ಅದ್ಕೆ ಅಳ್ತಾರಾ? ಈ ಮೇಣ ಬೆಳಗಿಂದ ನನ್ ಕೈಯೇ ಬಿಡ್ಲಿಲ್ಲ, ನಿನ್ ಇಮಾನ ಬಿಡ್ತದಾ?” ಎಂದು ಕತ್ತಿಯ ಮೇಣವನ್ನು ಕಡ್ಡಿಗೆ ಸುತ್ತಿ ಕೊಟ್ಟಳು.

ಸೌಮ್ಯ ಅದನ್ನು ಚೂರುಚೂರೇ ಅಂಟಿಸಿ, ಬೆರಳ ಮೇಲೆ ತೂಗಿ ನೋಡಿ, ಎಸೆದಳು. ವಿಮಾನ ನೆಟ್ಟಗೆ ತೇಲಿತು. ಅದು ನೆಲ ಮುಟ್ಟುವ ಮೊದಲೇ ಅವಳು ಓಡಿಬಂದು ಸುಬ್ಬಕ್ಕನ ಜಿಗುಟು ಕೈಗಳೆರಡನ್ನೂ ಹಿಡಿದುಕೊಂಡಳು. ಟೇಪು ಹಿಡಿದವರು ಕೂಗಿ ಹೇಳಿದರು: ಹದಿನೆಂಟು ಮೀಟರ್, ನಲವತ್ತು ಸೆಂಟಿಮೀಟರ್.