ಭಂಡಾರ ಹತ್ತಿದ ಮೀಟರು

ರಜಿತಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಇರದೆ ಏನು ಮಾಡೀತು! ನಾರ್ವದ ಹಳ್ಳದ ನೀರು ಕುಡಿದು ತುಳಸಮ್ಮನ ಕುರಿಗಳ ಬಾಯಿ ಹುಣ್ಣಾಗಿ, ನಾಲ್ಕು ಮರಿ ಸತ್ತಿದ್ದವು. ಹಳ್ಳದ ಮೇಲ್ಗಡೆ ಪ್ರವೀಣ್ ಕುಮಾರನ ಶೆಡ್ಡು. ಸೀರೆ ನೂಲಿಗೆ ಬಣ್ಣ ಹಾಕುವುದು ಅಲ್ಲಿ. ನೀರು ಅಳೆಯಲು ಗದ್ವಾಲದ ಖಾಸಗಿ ಲ್ಯಾಬು ಇವಳನ್ನು ಕಳಿಸಿತ್ತು. ಇವಳು ಬರೆಯುವ ಅಂಕಿಯ ಮೇಲೆ ಕಲೆಕ್ಟರ್ ಆಫೀಸಿನಲ್ಲಿ ಶೆಡ್ಡಿನ ನೀರು ಹಳ್ಳಕ್ಕೆ ಬಿಡಬೇಕೋ ನಿಲ್ಲಿಸಬೇಕೋ ತೀರ್ಮಾನವಾಗುತ್ತಿತ್ತು.

ಪ್ರವೀಣ್ ಕುಮಾರ್ ತಾನೇ ಒಂದು ಉದ್ದನೆಯ ಗಾಜಿನ ಕೊಳವೆ ತಂದಿದ್ದ. "ನೀರು ತುಂಬಿ ನೋಡ್ರಿ ಮೇಡಂ, ತಳ ಕಾಣ್ತೈತಿ. ತಿಳಿ ಐತಿ ಅಂತ ಬರದ್ರ ಸಾಕಲ್ರಿ."

"ಜ್ವರ ಬಂದೋರನ್ನ ತಕ್ಕಡ್ಯಾಗ ತೂಗ್ತಾರೇನ್ರಿ?" ಎಂದಳು ರಜಿತಾ. ಬಣ್ಣದವರು ಸುರಿಯುವ ವಾಷಿಂಗ್ ಸೋಡಾ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆ ಸುಡುತ್ತದೆ. ಅದಕ್ಕೆ ನೀರಿನ ಕ್ಷಾರ ಅಳೆಯುವ ಪಿಎಚ್ ಮೀಟರೇ ಬೇಕು. ಅವಳು ತಂದದ್ದೂ ಅದನ್ನೇ.

ಪೆಟ್ಟಿಗೆ ತೆರೆದಿಟ್ಟು ಬಾಟಲಿ ತೊಳೆಯಲು ತಿರುಗಿದಳಷ್ಟೇ. ಪಕ್ಕದಲ್ಲೇ ನಿಂತಿದ್ದ ತುಳಸಮ್ಮ ಕುರುಬರ ದೇವರು ಬೀರಪ್ಪನ ಒಕ್ಕಲು, ಹೊಸ ಕತ್ತರಿಗೂ ಭಂಡಾರ ಹಚ್ಚದೆ ಉಣ್ಣೆ ಕತ್ತರಿಸದವಳು. ಮೀಟರಿನ ತುದಿಯ ಗಾಜಿನ ಗುಳ್ಳೆಗೆ ದೇವರ ಅರಿಶಿನವಾದ ಆ ಭಂಡಾರ ಮೆತ್ತಿ ಕೈ ಮುಗಿದೇಬಿಟ್ಟಳು!

"ಅಯ್ಯೋ ಯಕ್ಕಾ, ಅದಕ್ಕ್ಯಾಕ ಹಚ್ಚಿದಿ?"

ಪ್ರವೀಣ್ ಕುಮಾರ್ ನಕ್ಕ. "ಮೀಟರ್ ಕೆಟ್ಟಂಗಾತು. ಇನ್ನ ಅದು ಏನ್ ತೋರಿಸಿದ್ರೂ ಸುಳ್ಳ." ಅಲ್ಲೇ ಲ್ಯಾಬಿನ ಮಾಲೀಕ ಚಂದ್ರಕಾಂತ್‌ಗೆ ಫೋನ್ ಹಚ್ಚಿದ.

ತುಳಸಮ್ಮ ಮುಖ ಸಣ್ಣದು ಮಾಡಿಕೊಂಡು ಹಳ್ಳದಲ್ಲಿ ಕೈ ಅದ್ದಿದಳು. ಹಳದಿ ಅಂಗೈ ಕೆಂಪಾಯಿತು. "ಯವ್ವಾ, ರಗತ!"

ರಕ್ತವೆಲ್ಲಿಯದು! ಸುಣ್ಣ ಬೆರೆತ ಅರಿಶಿನ ಕೆಂಪಾಗುವುದು ಆರತಿ ಎತ್ತಿದ ಯಾವ ಹೆಂಗಸಿಗೆ ಗೊತ್ತಿಲ್ಲ? ಸೋಡಾದ ನೀರಲ್ಲೂ ಅದೇ ಗತಿ. ರಜಿತಾ ಗುಳ್ಳೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಶುದ್ಧ ನೀರಲ್ಲಿ ತೊಳೆದು, ಅಳತೆ ಗೊತ್ತಿದ್ದ ಎರಡು ದ್ರಾವಣಗಳಲ್ಲಿ ಅದ್ದಿದಳು. ಏಳಕ್ಕೆ ಏಳು, ಹತ್ತಕ್ಕೆ ಹತ್ತು. ಮೀಟರು ಸರಿಯಿತ್ತು. ಒಳ್ಳೆಯ ನೀರಿಗೆ ಏಳರ ಆಸುಪಾಸು ತೋರಿಸಬೇಕಾದದ್ದು, ಹಳ್ಳದಲ್ಲಿ ಅದ್ದಿದಾಗ ಹತ್ತೂವರೆ ತೋರಿಸಿತು.

"ಮೀಟರ್ ಸುಳ್ಳಂದ್ರ ನಿಮ್ಮ ಕೈಗೂ ಭಂಡಾರ ಹಚ್ತೀನಿ, ನೀರಾಗ ಇಡ್ರಿ ನೋಡೋಣ."

ಪ್ರವೀಣ್ ಕುಮಾರ್ ಒಂದು ಕೈಯನ್ನು ಜೇಬಿಗೆ ತುರುಕಿ, ಇನ್ನೊಂದು ಕೈಯಲ್ಲಿದ್ದ ಫೋನನ್ನು ಅವಳಿಗೆ ಕೊಟ್ಟ.

"ರಜಿತಾ, ನೀರು ತಿಳಿ ಐತಿ ಅಂತಷ್ಟ ಬರೀ," ಎಂದ ಚಂದ್ರಕಾಂತ್. "ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ಮಕ್ತಲ್‌ನಲ್ಲಿ ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದಲೇ. ಆದರೂ ಹಾಳೆಯ ಮೇಲೆ ಪೆನ್ನು ಒತ್ತಿ ಅಂಕಿ ಬರೆದಳು. ಸಾಕ್ಷಿಯೆಂದು ತುಳಸಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡಳು.

"ನನ್ನ ತೆಗೀರಿ ಸಾರ್," ಎಂದಳು, "ಹತ್ತೂವರಿ ತೆಗಿಯಾಕ ಬರಂಗಿಲ್ಲ. ಹಾಳಿ ತಗೊಂಡು ನಾನ ನಾರಾಯಣಪೇಟಿ ಕಲೆಕ್ಟರ್ ಆಫೀಸಿಗೆ ಹೊಂಟೀನಿ."