ಅತಿಥಿ ಹೊರಡುವ ಪಾಠ

ಹಿರಿಯೂರಿನ ಹೆದ್ದಾರಿ ಬದಿಯ ಕಾಲೇಜೊಂದರಲ್ಲಿ ಯಶೋದಾ ಇಂಗ್ಲಿಷ್ ಮೇಡಂ. ಅವಳ ಕ್ಲಾಸಿನಲ್ಲಿದ್ದವರು ಮೊಜಾಂಬಿಕ್, ಚಾಡ್, ಯೆಮನ್ ಎಂದು ಎಲ್ಲೆಲ್ಲಿಂದಲೋ ಫಾರ್ಮಸಿ ಓದಲು ಬಂದವರು. ಅವರಿಗೆ ಇಂಗ್ಲಿಷೂ ಅಷ್ಟಕ್ಕಷ್ಟೆ, ನಮ್ಮ ಕಡೆಯ ರೀತಿ ರಿವಾಜಂತೂ ಏನೇನೂ ಗೊತ್ತಿಲ್ಲ. ಪುಸ್ತಕದ ಪಾಠ ತಲೆಗೆ ಹತ್ತದಾಗ ಯಶೋದಾ ಮೊಬೈಲಿನಲ್ಲಿ ಚಿಕ್ಕ ಚಿಕ್ಕ ವಿಡಿಯೋ ಮಾಡಿದಳು. ನಟಿಸಲು ಪುಕ್ಕಟೆ ಸಿಕ್ಕವನು ಒಬ್ಬನೇ, ಗಂಡ ಜುಂಜೇಶ್. ಪಂಪ್‌ಸೆಟ್ ರಿಪೇರಿ ಮಾಡುವ ಆಸಾಮಿ ಇಸ್ತ್ರಿ ಅಂಗಿ ಹಾಕಿಕೊಂಡು ಕ್ಯಾಮೆರಾ ಮುಂದೆ ಮದುಮಗನ ಹಾಗೆ ಕೂತುಬಿಡುತ್ತಿದ್ದ.

ಆ ಜುಂಜೇಶ್ ಹೋದ ವರ್ಷ ಎದೆನೋವು ಎಂದು ಮಲಗಿದವನು ಏಳಲೇ ಇಲ್ಲ. ವಿಡಿಯೋ ಉಳಿಯಿತು.

ಅತಿಥಿ ಹೊರಡುವ ಪಾಠದಲ್ಲಿ ಅವನೇ ಅತಿಥಿ. ಕಾಫಿ ಕುಡಿದು ಎದ್ದು, ಹೊಸ್ತಿಲ ಬಳಿ ನಿಂತು, ಇತ್ತ ತಿರುಗಿ, "ಮೇ ಐ ಲೀವ್ ನೌ?" ಎನ್ನುತ್ತಾನೆ. ಆಮೇಲೆ ಸುಮ್ಮನೆ ಕಾಯುತ್ತಾನೆ. ಕ್ಲಾಸಿನವರು ಉತ್ತರ ಹೇಳಲೆಂದು ಯಶೋದಾ ಬಿಟ್ಟ ಬಿಡುವು ಅದು. ನೆಂಟರು ಎದ್ದ ಕೂಡಲೇ ಸರಿ ಹೊರಡಿ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ, ಒಂದು ಸಲವಾದರೂ ತಡೆಯಬೇಕು ಎಂದು ಅವಳೇ ಕಲಿಸಿದ್ದಳು. ಹಾಗಾಗಿ ಇಡೀ ಕ್ಲಾಸು, "ಪ್ಲೀಸ್ ಸ್ಟೇ ಎ ಲಿಟಲ್ ಲಾಂಗರ್" ಎಂದು ಕೂಗುತ್ತಿತ್ತು. ಅವನು ಸತ್ತಿದ್ದಾನೆಂದು ಆ ಹುಡುಗರಿಗೆ ಗೊತ್ತಿರಲಿಲ್ಲ. ಹೇಳಲು ಯಶೋದಾಳಿಗೆ ಬಾಯಿ ಬರಲಿಲ್ಲ. ಏನಾದರೊಂದು ನೆಪ ತೆಗೆದು ದಿನಾ ಅದೇ ಪಾಠ ಹಾಕುತ್ತಿದ್ದಳು, ಅವರ ಜೊತೆ ತಾನೂ ತುಟಿ ಅಲ್ಲಾಡಿಸುತ್ತಿದ್ದಳು.

ವರ್ಷದ ಕಾರ್ಯ ಹತ್ತಿರ ಬಂದಾಗ ಧರ್ಮಪುರದ ಕಡೆಯ ಹಟ್ಟಿಯಿಂದ ಅತ್ತೆ ಜುಂಜಮ್ಮ ಬಂದಳು. ಚೀಲ ಕೆಳಗಿಡುವ ಮೊದಲೇ ಶುರು ಮಾಡಿದಳು.

"ಯಶೋದಾ, ಅವ್ನು ಹೋಗಿಲ್ಲ ಕಣೇ. ಸಂಜೆ ಆದ್ರೆ ಸಾಕು, ನಮ್ ಹಟ್ಟಿ ಮನೆ ಹೊಸ್ತಿಲ ತಾವ ನಿಂತಿರ್ತಾನೆ. ಒಳಿಕ್ಕೂ ಬರಲ್ಲ, ಆ ಕಡೀಕೆ ಹೋಗಾದೂ ಇಲ್ಲ. ಯಾರೋ ಹಿಡ್ಕಂಡವ್ರೆ ನನ್ ಮಗನ್ನ."

ಯಶೋದಾಳಿಗೆ ಮುಚ್ಚಿಡಲು ಆಗಲಿಲ್ಲ. ವಿಡಿಯೋದ ಸಂಗತಿ, ಅವನು ಕೇಳುವ ಮತ್ತು ಹುಡುಗರು ಕೂಗುವ ಮಾತಿನ ಅರ್ಥ ಹೇಳಿದಳು.

"ಅಯ್ಯೋ ನಮ್ಮಪ್ಪನೇ! ಅಷ್ಟೊಂದ್ ಜನ ದಿನಾ ತಡೆದ್ರೆ ಹೆಂಗ್ ಹೋಗ್ತಾನೆ? ನಡಿ, ನಾನೇ ಕಳಿಸ್ತೀನಿ. ಆಮೇಲೆ ಅದನ್ನ ಅಳಿಸಾಕ್ಬಿಡು."

ಅವನು ಬಾಯಿ ಬಿಟ್ಟು ಮಾತಾಡಿದ ವಿಡಿಯೋ ಅದೊಂದೇ, ಯಶೋದಾಳ ಪಾಲಿಗೆ ಉಳಿದಿದ್ದ ಅವನ ದನಿಯೂ ಅದೊಂದೇ. ಆದರೆ ಅವನು ತನ್ನಿಂದಲೇ ಎಲ್ಲಿಯೂ ಸಲ್ಲದೆ ನಿಂತಿದ್ದರೆ? ಹೂಂ ಎಂದಳು.

ಮರುದಿನ ಕ್ಲಾಸಿಗೆ ಈ ಸಲ ಯಾರೂ ಬಾಯಿ ಬಿಡಬಾರದೆಂದು ಹೇಳಿದ್ದಾಯಿತು. ಜುಂಜಮ್ಮ ಮುಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಳು. ಪ್ರೊಜೆಕ್ಟರ್ ಹಾಕಿದ ಕೂಡಲೇ ಪರದೆಯ ಮೇಲೆ ಜುಂಜೇಶ್ ಆಳೆತ್ತರಕ್ಕೆ ಬಂದ. ಕಾಫಿ ಕುಡಿದ, ಎದ್ದ, ಹೊಸ್ತಿಲ ಬಳಿ ನಿಂತು ಕೇಳಿದ.

"ಮೇ ಐ ಲೀವ್ ನೌ?"

ಜುಂಜಮ್ಮ ಎದ್ದು ಪರದೆಯ ಹತ್ತಿರ ಹೋಗಿ ಕೈ ಎತ್ತಿದಳು. ದನಿ ಗಟ್ಟಿಯಾಗಿಯೇ ಇತ್ತು. "ಹೋಗಪ್ಪ. ಇಲ್ಲಿ ಯಾರೂ ತಡೆಯಲ್ಲ. ಹಿಂದಕ್ ತಿರುಗಿ ನೋಡ್ದಂಗೆ ಹೋಗು."

ಜುಂಜೇಶ್ ಕೇಳಿಸಿಕೊಂಡವನ ಹಾಗೆ ತಲೆ ಓರೆ ಮಾಡಿದ. ಯಶೋದಾಳ ಬೆರಳು ವಿಡಿಯೋ ನಿಲ್ಲಿಸುವ ಗುಂಡಿಯ ಮೇಲಿತ್ತು. ಪಾಠದಲ್ಲಿ ಮುಂದೇನಿದೆಯೆಂದು ಅವಳು ಅತ್ತೆಗೆ ಹೇಳಿರಲಿಲ್ಲ. ಈಗ ಒತ್ತಿದರೆ ಪರದೆ ಖಾಲಿಯಾಗಿ, ಅತ್ತೆಯ ಕಣ್ಣಿಗೆ ಅವನು ಹೊರಟವನೇ ಆಗುತ್ತಾನೆ. ಒತ್ತಬೇಕೆಂದುಕೊಂಡಳು, ಬೆರಳು ಮಾತು ಕೇಳಲಿಲ್ಲ.

"ಓಕೆ, ಓಕೆ, ಇಫ್ ಯು ಸೇ ಸೋ" ಎಂದು ನಕ್ಕು, ಜುಂಜೇಶ್ ವಾಪಸ್ ಬಂದು ಕುರ್ಚಿಯಲ್ಲಿ ಕೂತ.

ಅತ್ತೆ ಈಗ ಕಿರುಚುತ್ತಾಳೆಂದು ಯಶೋದಾ ಕಾದಳು. ಕಳಿಸಲೆಂದು ಎತ್ತಿದ್ದ ಮುದುಕಿಯ ಕೈ ಹಾಗೆಯೇ ಮುಂದೆ ಹೋಗಿ ಪರದೆಯಲ್ಲಿ ಅವನ ಭುಜದ ಮೇಲೆ ಇಳಿಯಿತು. ಅವನ ಅಂಗಿಯ ನೀಲಿ ಅವಳ ಸುಕ್ಕುಗೈಗೂ ಹತ್ತಿತು.

"ಉಂಡಿಲ್ವೇನಪ್ಪ ನೀನು?" ಎಂದಳು. "ಇರು. ಉಂಡ್ಕಂಡ್ ಹೋಗುವಂತೆ."