ಧನುರ್ಮಾಸದ ಅಲಾರಂ

ಅತ್ತೆ ಬಚ್ಚಲಿಗೆ ಹೋದದ್ದೇ ತಡ, ಶುಭಾ ಅವರ ದಿಂಬಿನ ಪಕ್ಕದ ಅಲಾರಂ ಗಡಿಯಾರವನ್ನು ಸೆರಗಿನ ಮರೆಗೆ ತಂದುಕೊಂಡು ಮುಳ್ಳುಗಳನ್ನು ಎರಡು ತಾಸು ಹಿಂದಕ್ಕೆ ತಿರುವಿದಳು. ಕೀಲಿ ಕೊಟ್ಟು, ಏನೂ ಅರಿಯದವಳ ಹಾಗೆ ಮೊದಲಿದ್ದಲ್ಲೇ ಇಟ್ಟಳು. ದಿನಾ ಸಂಜೆ ಆ ಗಡಿಯಾರಕ್ಕೆ ಕೀಲಿ ಕೊಡುವುದು ಸೊಸೆಯ ಕೆಲಸವೇ. ಅದರಲ್ಲಿ ಕಳ್ಳತನ ಬೆರೆತದ್ದು ಮಾತ್ರ ಈ ಧನುರ್ಮಾಸದಲ್ಲಿ.

ಬೇರೆ ದಾರಿಯಾದರೂ ಏನಿತ್ತು? ಚಳಿ ಬಿತ್ತೆಂದರೆ ಅತ್ತಾಪುರದ ಮೂಸಿ ನದಿಯ ಮೇಲೆ ಹೊಗೆ ಬಂದು ಕೂತುಬಿಡುತ್ತಿತ್ತು. ದಂಡೆಯಲ್ಲಿ ಕಸ ಸುಟ್ಟ ಹೊಗೆ, ಮೆಹದಿಪಟ್ಟಣಂ ಕಡೆಯಿಂದ ಕಂಬದ ಮೇಲೆ ಕಂಬ ಏಳುತ್ತಿದ್ದ ಮೇಲ್ಸೇತುವೆಯ ಸಿಮೆಂಟಿನ ಧೂಳು, ಹೈಟೆಕ್ ಸಿಟಿಗೆ ಹುಡುಗ ಹುಡುಗಿಯರನ್ನು ಹೊತ್ತು ರಾತ್ರಿಯಿಡೀ ಓಡುವ ಗಾಡಿಗಳ ಡೀಸೆಲ್ ವಾಸನೆ, ಎಲ್ಲ ಸೇರಿ ತಣ್ಣನೆಯ ಗಾಳಿಯೊಳಗೆ ಸಿಕ್ಕಿಕೊಂಡು, ಬಿಸಿಲು ಕಾಯುವವರೆಗೆ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಅತ್ತೆ ಗಂಗೂಬಾಯಿಯವರಿಗೋ ದಮ್ಮು. ಹೋದ ವರ್ಷ ನಸುಕಿನಲ್ಲಿ ರಂಗೋಲಿ ಹಾಕುತ್ತ ಅಂಗಳದಲ್ಲೇ ಕುಸಿದು, ತುಟಿ ನೀಲಿಗಟ್ಟಿ, ಆಸ್ಪತ್ರೆ ಸೇರಿ ಬದುಕಿ ಬಂದದ್ದೇ ದೊಡ್ಡದು. ಬಿಸಿಲೇರುವ ಮುಂಚೆ ಹೊರಗೆ ಕಾಲಿಟ್ಟರೆ ಈ ಸಲ ಉಳಿಸುವುದು ತಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು.

ಧನುರ್ಮಾಸ ಡಾಕ್ಟರ ಮಾತು ಕೇಳುತ್ತದೆಯೇ? ಆಕಾಶದಲ್ಲಿ ಚುಕ್ಕಿ ಇರುವಾಗಲೇ ಅಂಗಳ ಸಾರಿಸಿ, ಹುಗ್ಗಿ ಬೇಯಿಸಿ, ನೈವೇದ್ಯ ತೋರಿಸಬೇಕು. ಮದುವೆಯಾಗಿ ಕಲಬುರ್ಗಿಯಿಂದ ಇಲ್ಲಿಗೆ ಬಂದಾಗಿನಿಂದ ಗಂಗೂಬಾಯಿ ಅದನ್ನು ತಪ್ಪಿಸಿದವರಲ್ಲ. ಮಗ ನಚಿಕೇತ ಬೇಡಿಕೊಂಡ, ಸಿಟ್ಟು ಮಾಡಿದ, ಎರಡು ದಿನ ಮಾತು ಬಿಟ್ಟ. ತಾನೇ ಮಾಡುತ್ತೇನೆಂದು ಶುಭಾ ಅಂದಳು. ಕೈಯಲ್ಲಿ ಶಕ್ತಿ ಇರುವವರೆಗೆ ದೇವರ ಕೆಲಸ ಇನ್ನೊಬ್ಬರಿಗೆ ಬಿಡುವಾಕಿ ತಾನಲ್ಲ ಎಂದು ಅತ್ತೆ ಹೇಳಿದ ಮೇಲೆ ಮಾತು ಅಲ್ಲಿಗೆ ಮುಗಿಯಿತು.

ಹಾಗಾಗಿ ಈ ಉಪಾಯ. ಅಲಾರಂ ಬಡಿದಾಗ ಗಡಿಯಾರದಲ್ಲಿ ನಾಲ್ಕೂವರೆ, ಊರಿಗೆಲ್ಲ ಆರೂವರೆ. ಸ್ನಾನ, ಮಡಿ, ಜಪ ಮುಗಿಸಿ ಅತ್ತೆ ಅಂಗಳಕ್ಕಿಳಿಯುವಷ್ಟರಲ್ಲಿ ಹೊಗೆ ಮೇಲೇಳತೊಡಗಿರುತ್ತಿತ್ತು. ಅವರು ಸ್ನಾನಕ್ಕೆ ಹೋದಾಗ ಶುಭಾ ಗಡಿಯಾರ ಸರಿಮಾಡಿ ಇಡುತ್ತಿದ್ದಳು. ಈ ವರ್ಷ ಬೆಳಕು ಲಗೂನೇ ಆಗುತ್ತದಲ್ಲ ಎಂದು ಅತ್ತೆ ಮೊದಲ ದಿನವೇ ಅಂದಿದ್ದರು. ಅದು ಸೇತುವೆ ಕೆಲಸದ ದೊಡ್ಡ ದೀಪಗಳ ಬೆಳಕು ಎಂದು ಶುಭಾ ಬಾಯಿಗೆ ಬಂದದ್ದು ಹೇಳಿಬಿಟ್ಟಳು. ಇರಬೇಕು ಎಂದರು ಅತ್ತೆ. ಅವರ ಕಣ್ಣಿಗೆ ಪೊರೆ ಬಂದದ್ದು ಒಳ್ಳೆಯದೇ ಆಯಿತು ಅಂದುಕೊಂಡ ಶುಭಾ, ಮರುಗಳಿಗೆ ತನ್ನನ್ನೇ ಬೈದುಕೊಂಡಳು.

ಅತ್ತೆಯ ಉಸಿರೇನೋ ನೆಟ್ಟಗಿತ್ತು. ಆದರೆ ಹೊತ್ತು ಮೀರಿದ ಹುಗ್ಗಿಯನ್ನು ಅವರು ಅಷ್ಟು ಭಕ್ತಿಯಿಂದ ದೇವರ ಮುಂದಿಡುವಾಗ ಶುಭಾಳಿಗೆ ನೋಡಲಾಗುತ್ತಿರಲಿಲ್ಲ. ಹಿರಿಯ ಜೀವದ ವ್ರತ ಕೆಡಿಸಿದೆನಲ್ಲ ಎಂಬ ಸಂಕಟಕ್ಕೆ ಆ ಪ್ರಸಾದವನ್ನು ಒಂದೇ ತುತ್ತಿಗೆ ಮುಗಿಸಿ ಎದ್ದುಬಿಡುತ್ತಿದ್ದಳು.

ಒಂದು ನಸುಕಿನಲ್ಲಿ ಗಂಟಲೊಣಗಿ ನೀರಿಗೆಂದು ಎದ್ದಳು. ಹೊಳೆಯ ಕಡೆಯ ಮಸೀದಿಯಿಂದ ಅಜಾನ್ ಕೇಳಿಬಂತು. ಬೀದರಿನಲ್ಲಿ ಹುಟ್ಟಿ ಬೆಳೆದವಳು. ಕೇಳಿ ಕೇಳಿ ಅವಳ ಕಿವಿ ಅದನ್ನು ಕೇಳುವುದನ್ನೇ ಬಿಟ್ಟಿತ್ತು. ಇವತ್ತು ಕೇಳಿಸಿತು. ಗಡಿಯಾರ ತಿರುವಿದ್ದಾಯಿತು, ದಿನಾ ನಸುಕಿನ ಹೊತ್ತು ಸಾರುವ ಇದನ್ನು ಹೇಗೆ ಮರೆತೆ?

ಅತ್ತೆಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ಗಂಗೂಬಾಯಿ ಶಾಲು ಹೊದ್ದು ಹಾಸಿಗೆಯ ಮೇಲೆ ಕೂತಿದ್ದರು. ಕಣ್ಣು ಮುಚ್ಚಿತ್ತು. ಎದುರಿಗೆ ಏನೂ ಇರಲಿಲ್ಲ. ಬಲಗೈ ಮಾತ್ರ ನೈವೇದ್ಯ ತೋರಿಸುವಂತೆ ಮೆಲ್ಲಗೆ ಆಡುತ್ತಿತ್ತು. ಕೈ ಮುಗಿದು ಕಣ್ಣು ತೆರೆದವರು ಬಾಗಿಲಲ್ಲಿ ಸೊಸೆಯನ್ನು ಕಂಡರು.

"ಬಾ, ಕೂಡು. ಥಂಡ್ಯಾಗ ಯಾಕ ನಿಂತಿ?"

ಶುಭಾ ಮಂಚದ ತುದಿಗೆ ಕೂತಳು.

"ದಿನಾ ಇದ ಹೊತ್ತಿಗೆ ಮನಸಿನ್ಯಾಗ ಹುಗ್ಗಿ ಮಾಡಿ ತೋರಸ್ತೀನಿ. ಮಾನಸಪೂಜಾಕ್ಕ ಒಲಿ ಬ್ಯಾಡ, ಅಂಗಳಕ್ಕ ಹೋಗೂದೂ ಬ್ಯಾಡ," ಎಂದರು ಗಂಗೂಬಾಯಿ.

"ಅಂದ್ರ ಗಡಿಯಾರದ್ದು... ನಿಮಗ ಮೊದಲಿಂದನೂ ಗೊತ್ತಿತ್ತೇನ್ರಿ ಅತ್ತಿ?"

"ಗೊತ್ತಾಗಲಾರದ ಏನು! ಡಾಕ್ಟರು ಹೆದರಿಸಿದ್ರು, ಮಗ ಒದರಾಡಿದ. ನಾ ಯಾರಿಗೂ ಬಗ್ಗಲಿಲ್ಲ. ನೀ ನನ್ನ ಸಲುವಾಗಿ ಕಳ್ಳಿ ಆದಿ ನೋಡು, ಅದಕ್ಕ ಸೋತೆ." ಅವರು ಶಾಲಿನ ಒಂದು ತುದಿಯನ್ನು ಅವಳ ಹೆಗಲಿಗೆ ಎಳೆದರು. ಶುಭಾ ಬಿಕ್ಕಿ ಬಿಕ್ಕಿ ಅತ್ತಳು. ಅಜಾನ್ ನಿಂತಿತ್ತು. ಮುಚ್ಚಿದ ಕಿಟಕಿಯ ಗಾಜಿಗೆ ಹೊಗೆ ಒತ್ತಿಕೊಂಡಿತ್ತು.

ಅವತ್ತು ಸಂಜೆ ಬಚ್ಚಲಿಗೆ ಹೋಗುವ ಮುಂಚೆ ಅತ್ತೆ ಗಡಿಯಾರವನ್ನು ತಾವೇ ತಂದು ಕೈಗಿತ್ತು, ಕೀಲಿ ಕೊಟ್ಟಿಡು ಎಂದು ಹೇಳಿ ಹೋದರು. ಶುಭಾ ಅದನ್ನು ದೀಪದ ಬೆಳಕಿಗೆ ತಿರುಗಿಸಿದಳು. ಮುಳ್ಳುಗಳು ಆಗಲೇ ಎರಡು ತಾಸು ಹಿಂದಿದ್ದವು.